ಸೌತೆಕಾಯಿ ನೀರು ಬಿಟ್ಟಾಗ

ಹೊರನಾಡಿಗೆ ಬಂದ ನಾವು ಬ್ರೆಡ್ಡಿಗೆ ಕೊಡುವ ಮರ್ಯಾದೆಯನ್ನು ಕೋಸಂಬರಿಗೆ ಕೊಡುವುದಿಲ್ಲ. ಪುಣೆಯ ಆಫೀಸಿನ ಟೀ ಪಾರ್ಟಿಗೆ ಮನೆಯಿಂದ ಏನಾದರೂ ತನ್ನಿ ಎಂದಾಗ ನಾನೂ ಕೋಸಂಬರಿ ಒಯ್ಯಲು ನಾಚಿ, ಸೌತೆಕಾಯಿ-ಕ್ರೀಮ್ ಚೀಸ್ ಸ್ಯಾಂಡ್‌ವಿಚ್ ಮಾಡಿದೆ. ಡಬ್ಬಿ ತೆರೆದರೆ ಬ್ರೆಡ್ಡೆಲ್ಲ ಒದ್ದೆ ಮುದ್ದೆ. ಯಾರೂ ಎರಡನೆಯದನ್ನು ಮುಟ್ಟಲಿಲ್ಲ.

ಫೋನಿನಲ್ಲಿ ಅಮ್ಮ ನಕ್ಕಳು: ‘ಕೋಸಂಬರಿಗೆ ಬಡಿಸುವಾಗಲೇ ಉಪ್ಪು ಹಾಕೋದು ಯಾಕೆ ಅಂತ ಮರೆತೆಯಾ?’

ಸ್ಯಾಂಡ್‌ವಿಚ್‌ಗೆ ಆ ಲೆಕ್ಕ ಉಲ್ಟಾ. ತೆಳ್ಳಗಿನ ಬಿಲ್ಲೆಗಳಿಗೆ ಮೊದಲೇ ಉಪ್ಪು ಉದುರಿಸಿ, 20 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ಎರಡೂ ಸ್ಲೈಸ್‌ಗಳಿಗೆ ಅಂಚಿನವರೆಗೆ ಚೀಸ್ ಸವರಿದರೆ ಬ್ರೆಡ್ಡು ಬೇಗ ನೆನೆಯದು. ದುಬಾರಿ ಕ್ರೀಮ್ ಚೀಸೇ ಬೇಕೆಂದಿಲ್ಲ. ಇಲ್ಲಿನ ಡೇರಿಗಳಲ್ಲಿ ಶ್ರೀಖಂಡಕ್ಕೆಂದು ಮಾರುವ ಚಕ್ಕಾ ಸಾಕು. ನನಗಂತೂ ಅದರ ಹುಳಿಯೇ ಇಷ್ಟ.

ಮುಂದಿನ ಸಲ ಕೋಸಂಬರಿಯನ್ನೂ ಒಯ್ದೆ, ಉಪ್ಪು ಬೇರೆ ಕಟ್ಟಿಕೊಂಡು. ಮೊದಲು ಖಾಲಿಯಾದದ್ದು ಅದೇ.