ಎರಡನೇ ಈಡು ತುಂಬುವಷ್ಟರಲ್ಲಿ...

ಕಳ್ಳತನದ ಸುದ್ದಿ ಬಂದಾಗಲೆಲ್ಲ ಅಂಗಡಿ ಕಟ್ಟೆಯ ಮೇಲೆ ಏಳುವ ಮಾತು ಒಂದೇ: "ಮನೇಲಿ ಒಂದು ಕೋವಿ ಇದ್ದಿದ್ರೆ!" ನ್ಯಾಮತಿಯ ಸ್ಟೇಟ್ ಬ್ಯಾಂಕಿಗೆ 2024ರ ಅಕ್ಟೋಬರ್ ಕೊನೆಯಲ್ಲಿ ಕನ್ನ ಬಿದ್ದು ಹದಿನೇಳೂ ಮುಕ್ಕಾಲು ಕಿಲೋದಷ್ಟು ಅಡವಿನ ಬಂಗಾರ ಹೋದಾಗಲೂ ಇದೇ ಮಾತು. ಕೋವಿ ಬೇಕು ಅನ್ನುವವರು ಸಿಗುತ್ತಾರೆ. ಒಂದು ಈಡು ಹಾರಿದ ಮೇಲೆ ಎರಡನೆಯದನ್ನು ತುಂಬಲು ಎಷ್ಟು ಹೊತ್ತು ಬೇಕು ಎಂದು ಕೇಳುವವರು ಮಾತ್ರ ಕಡಿಮೆ.

ರೈತರಿಗೆ ಬೆಳೆ ರಕ್ಷಣೆಗೆಂದು 1959ರ ಆಯುಧ ಕಾಯ್ದೆ ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅಜ್ಜನ ಕಾಲದ ಕೇಪಿನ ಕೋವಿ ಅಂದರೆ ಅದೇ. ನಳಿಗೆಗೆ ಮದ್ದು ಸುರಿಯಬೇಕು, ಮೇಲೆ ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಿ ಮತ್ತೆ ಜಡಿಯಬೇಕು, ಕೊನೆಗೆ ಕೇಪು ಕೂರಿಸಬೇಕು. ಪಳಗಿದ ಕೈಗೂ ಇದು ನಿಮಿಷದ ಆಸುಪಾಸಿನ ಕೆಲಸ. ಅದೂ ಹಗಲು ಹೊತ್ತು, ಕೈ ನಡುಗದೆ ಇದ್ದರೆ. ಮದ್ದು ತೇವವಾಯಿತೋ, ಮೊದಲನೇ ಈಡೂ ಇಲ್ಲ! ಜೋಡಿ ನಳಿಗೆಯ ತೋಟಾ ಕೋವಿ ವಾಸಿ. ಮಡಚಿ, ಖಾಲಿ ತೆಗೆದು, ಹೊಸ ತೋಟಾ ಎರಡು ಹಾಕಿದರಾಯಿತು. ಆದರೆ ಕತ್ತಲಲ್ಲಿ ಜೇಬಿನ ತೋಟಾ ಕೈಗೆ ಸಿಗಬೇಕಲ್ಲ?

ಜಗಳೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಡುಕುರಿಗೆ ಹೆಸರಾದ ರಂಗಯ್ಯನದುರ್ಗದ ಕಾಡಿನಲ್ಲಿ ಕರಡಿಯೂ ಉಂಟು. ಪೊದೆಯಿಂದ ಎದ್ದು ಮೈಮೇಲೆ ಬೀಳುವ ಕರಡಿ ಗಜ ಹುಡುಕುವ ತನಕ ಕಾಯುವುದಿಲ್ಲ. ಪ್ರಾಣ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧವಲ್ಲ, ನಿಜ. ಸತ್ತ ಪ್ರಾಣಿ ಮಾತ್ರ ಸರಕಾರದ ಸೊತ್ತು. ಆದರೆ ಆ ಕಾಯ್ದೆಯ ರಕ್ಷಣೆ ಕೇಳಲು ಮನುಷ್ಯ ಮೊದಲು ಬದುಕಿರಬೇಕು.

ಇನ್ನು ಆನೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲೂಕಿನ ಸೋಮಲಾಪುರದಲ್ಲಿ ಕಾಡಾನೆಗೆ ಒಬ್ಬ ಹುಡುಗಿ ಬಲಿಯಾದಳು. ಹಿಡಿಯಲು ಸಕ್ರೆಬೈಲಿನಿಂದ ಪಳಗಿದ ಆನೆಗಳು ಬಂದವು, ಅರಿವಳಿಕೆ ಕೋವಿ ಬಂತು. ಅಷ್ಟಿದ್ದೂ ನ್ಯಾಮತಿ ಕಡೆ ಕಾರ್ಯಾಚರಣೆಯಲ್ಲಿ ಆನೆ ತಿರುಗಿಬಿದ್ದು ಪಶುವೈದ್ಯರೇ ತೀವ್ರವಾಗಿ ಗಾಯಗೊಂಡರು. ಪರಿಣತರ ಗತಿಯೇ ಇದಾದರೆ, ಹಂದಿಗೆಂದು ತುಂಬಿದ ಚರೆ ಹಾರಿಸಿ ಆನೆಯನ್ನು ಕೆಣಕುವ ಅಡಿಕೆ ತೋಟದವನ ಪಾಡೇನು? ಅದೇ ಹೊತ್ತಿಗೆ ವಿಧಾನಸಭೆ ಚುನಾವಣೆಯ ನೀತಿಸಂಹಿತೆಯೂ ಜಾರಿಯಲ್ಲಿತ್ತು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸು ಎನ್ನುವುದು ರೂಢಿ. ಜಾಮೀನಿನ ಮೇಲಿರುವವರು, ಗಲಭೆ ಹಿನ್ನೆಲೆಯವರು ಯಾರೆಂದು ನೋಡಿ, ಒಬ್ಬೊಬ್ಬರದನ್ನೇ ಪರಿಶೀಲಿಸಿ ತೀರ್ಮಾನಿಸಲು ಜಿಲ್ಲಾ ಸಮಿತಿ ಇದೆ. ಹಂದಿ ಕಾಯುವ ರೈತನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಈ ಕೂಗಿಗೆ ಉತ್ತರ ಸಿಗಲೇಬೇಕು.

ಹಾಗಂತ ಲೈಸೆನ್ಸ್ ಇಲ್ಲದೆ ಮನೆಯಲ್ಲೇ ಗುಟ್ಟಾಗಿ ತೋಟಾ ತಯಾರಿಸುವ ಜಾಣರು ಒಂದು ತಿಳಿದಿರಲಿ. 2019ರ ತಿದ್ದುಪಡಿ ಪ್ರಕಾರ ಅದಕ್ಕೆ ಕನಿಷ್ಠ ಏಳು ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. ಹಂದಿ ತಿಂದ ಬೆಳೆಯ ಲೆಕ್ಕಕ್ಕೂ ಇದಕ್ಕೂ ತಾಳೆಯಾಗದು.

ಮತ್ತೆ ನ್ಯಾಮತಿಗೆ ಬರೋಣ. ಬ್ಯಾಂಕಿಗೆ ನುಗ್ಗಿದವರು ಹಗಲಲ್ಲಿ ಪಿಸ್ತೂಲು ತೋರಿಸಿ ಬರಲಿಲ್ಲ. ಕಿಟಕಿಯ ಸರಳು ಮುರಿದು, ಗ್ಯಾಸ್ ಕಟರ್ ಹಿಡಿದು, ಯಾರೂ ಇಲ್ಲದ ಹೊತ್ತಿಗೆ ಬಂದರು. ಹೋಗುವಾಗ ಕ್ಯಾಮೆರಾದ ಪೆಟ್ಟಿಗೆಯನ್ನೂ ಹೊತ್ತೊಯ್ದರು. ಯಾರ ಮೇಲೆ ಗುಂಡು ಹಾರಿಸುವುದು, ಯಾರು ಹಾರಿಸುವುದು? ಐದು ತಿಂಗಳು ಬೆನ್ನು ಹತ್ತಿದ ಪೊಲೀಸರು 2025ರ ಮಾರ್ಚ್‌ನಲ್ಲಿ ಆರು ಜನರನ್ನು ಹಿಡಿದರು. ಅವರ ಪ್ರಕಾರ ಮುಖ್ಯ ಆರೋಪಿ ಅದೇ ಊರಲ್ಲಿ ಬೇಕರಿ ಇಟ್ಟುಕೊಂಡಿದ್ದವನು, ಬ್ಯಾಂಕು ಸಾಲ ಕೊಡಲಿಲ್ಲವೆಂಬ ಸಿಟ್ಟಿನವನು. ಬಂಗಾರ ಸಿಕ್ಕಿದ್ದು ದೂರದ ತಮಿಳುನಾಡಿನಲ್ಲಿ, ಉಸಿಲಂಪಟ್ಟಿ ಕಡೆಯ ಒಂದು ಬಾವಿಯೊಳಗೆ.