ಬದುವಿನ ಬಳ್ಳಿಯಲ್ಲೂ ಹುರುಳಿದೆ

ತಾಳವಾಡಿ ಬೆಟ್ಟದ ರೈತರೇ, ಮೇವಿನ ಮಾತು ಸ್ವಲ್ಪ ಕೇಳಿ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಮೀಸಲಾಯಿತು. ಅಂಥ ಕಾಡಿನೊಳಗೆ ದನ ಮೇಯಿಸಬಾರದೆಂದು 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ನಮಗೆ ಉಳಿದದ್ದು ಬದು, ಬೀಳು ಅಷ್ಟೆ.

ಮಳೆ ಬಿದ್ದರೆ ಅಲ್ಲಿ ಹುಲ್ಲಿನ ನಡುವೆ ಕಾಡುಹುರುಳಿ ಹಬ್ಬುತ್ತೆ. ತೆಲುಗಿನ ಉಲವಲು, ತಮಿಳಿನ ಕೊಳ್ಳು, ನಮ್ಮ ಹುರುಳಿ. ಅದರ ಬಡ ನೆಂಟ ಇದು. ಬರೀ ಹುಲ್ಲಿಗಿಂತ ಇದರಲ್ಲಿ ಪ್ರೋಟೀನು ಜಾಸ್ತಿ. ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ಮಣ್ಣಿಗೂ ಕೊಡ್ತವೆ.

ಇದನ್ನೇ ಕಳೆ ಅಂತ ಔಷಧಿ ಹೊಡೆದು, ಆಮೇಲೆ ಹಿಂಡಿಗೆ ಸಾಲ ಮಾಡೋದು ಯಾವ ಲೆಕ್ಕ? ವ್ಯಾಪಾರಿಗಳೇ, ನೀವೇ ಹೇಳಿ.

ಬದುವಿಗೆ ಔಷಧಿ ಬೇಡ. ಕಾಯಿ ಬಲಿತು ಬೀಜ ಸಿಡಿಯುವ ತನಕ ಒಂದು ಪಟ್ಟಿ ಕೊಯ್ಯದೆ ಬಿಡಿ. ಪಂಚಾಯ್ತಿಯವರು ಬೀಳುಗಳ ಲಂಟಾನ ಕೀಳಿಸಲಿ. ಮುಂದಿನ ಮಳೆಗೆ ಮೇವು ಕಾಸಿಲ್ಲದೆ ಏಳುತ್ತೆ.