ತೊಳೆದ ಕಾರಿನ ಮೇಲೆ ಬಿಳಿ ಚುಕ್ಕೆ ಏಕೆ?

ಬೋರ್‌ವೆಲ್ ನೀರಿನಲ್ಲಿ ತೊಳೆದ ಕಾರನ್ನು ಬಿಸಿಲಿಗೆ ಬಿಟ್ಟರೆ ಗಾಜು, ಬಾನೆಟ್ ಮೇಲೆ ಬಿಳಿ ಚುಕ್ಕೆಗಳು ಮೂಡುತ್ತವೆ. ಅದು ಸೋಪಿನ ಕಲೆಯಲ್ಲ, ನೀರು ಬಿಟ್ಟುಹೋದ ಸುಣ್ಣದಂಶ.

ಮಳೆನೀರು ಕಲ್ಲುಮಣ್ಣಿನ ನಡುವೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ನೀರು ಆವಿಯಾದರೂ ಲವಣ ಆವಿಯಾಗದು. ಹನಿ ಆರಿದಲ್ಲೇ ಉಳಿಯುತ್ತದೆ. ಕಾರಿಗೆ ಹೊಳಪು ಕೊಡುವ ಕೆಲವರು ಕಡೆಯ ಸಲ ಲವಣ ತೆಗೆದ ನೀರು ಹಾಯಿಸುವುದು ಇದಕ್ಕೇ.

ನೀವೇ ಪರೀಕ್ಷಿಸಿ. ಸ್ವಚ್ಛವಾದ ಗಾಜಿನ ತಟ್ಟೆಯ ಮೇಲೆ ಬೋರ್‌ವೆಲ್ ನೀರಿನ ಒಂದು ಹನಿ, ಪಕ್ಕದಲ್ಲಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿನ ಒಂದು ಹನಿ ಇಡಿ. ಆರಿದ ಮೇಲೆ ಹೋಲಿಸಿ. ಬಿಳಿ ಕಲೆಗೆ ನಿಂಬೆರಸ ಹಚ್ಚಿದರೆ ಅದು ಬಹುಮಟ್ಟಿಗೆ ಕರಗುತ್ತದೆ.

ಹಾಗಾದರೆ ಮನೆಯ ಆರ್.ಓ. ನೀರಿನಲ್ಲೇ ಕಾರು ತೊಳೆಯಬಹುದೆ? ಬೇಡ. ಆ ಯಂತ್ರ ಶುದ್ಧ ನೀರು ಕೊಡುವಾಗ ಬಹಳಷ್ಟು ನೀರನ್ನು ಹೊರಕ್ಕೂ ಬಿಡುತ್ತದೆ. ಹೊರಬಿಟ್ಟ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ನೆಲ ಒರೆಸಲು ಸರಿ, ಕಾರಿಗಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬವಣೆ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತ್ತು.

ಉಪಾಯ ಸುಲಭ. ಪೈಪು ಬಿಡಿ, ಬಕೆಟ್ ಹಿಡಿಯಿರಿ. ನೆರಳಿನಲ್ಲಿ ತೊಳೆದು, ಹನಿ ಆರುವ ಮುನ್ನವೇ ಒಣಬಟ್ಟೆಯಿಂದ ಒರೆಸಿ. ಹನಿಯೇ ಇಲ್ಲದಿದ್ದರೆ ಚುಕ್ಕೆ ಎಲ್ಲಿಂದ ಬಂದೀತು? ತಾರಸಿಯ ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಅದು ಸೂರ್ಯನೇ ಬಟ್ಟಿಯಿಳಿಸಿಕೊಟ್ಟ ನೀರು!